ಕುರುಗೋಡಿಗೆ ಹೋಗಿ ಬಂದ ಷೇರು

ಗವಿಸಿದ್ದಪ್ಪನಿಗೆ ಇಂಗ್ಲಿಷ್ ಬರುತ್ತಿದ್ದುದೇ ಎಲ್ಲ ತೊಂದರೆಗೂ ಮೂಲ.

ಬರುತ್ತಿತ್ತು ಎಂದರೆ ಪೂರ್ತಿ ಬರುತ್ತಿತ್ತು ಎಂದಲ್ಲ. ಬಳ್ಳಾರಿಯ ಕೋರ್ಟಿನಲ್ಲಿ ಅವನು ನಕಲು ಗುಮಾಸ್ತ. ವಾದಿಯ ಅರ್ಜಿಯನ್ನೂ ಪ್ರತಿವಾದಿಯ ತಕರಾರನ್ನೂ ಒಂದೇ ಶಾಯಿಯಲ್ಲಿ, ಒಂದೇ ದುಂಡನೆಯ ಅಕ್ಷರದಲ್ಲಿ ಇಳಿಸಿ ಕೊಡುವುದು ಅವನ ಕೆಲಸ. ಅದರಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ನೋಡುವುದಕ್ಕೆ ಸರ್ಕಾರ ಬೇರೊಬ್ಬರಿಗೆ ಸಂಬಳ ಕೊಡುತ್ತಿತ್ತು. ಹೀಗೆ ವರ್ಷಗಟ್ಟಲೆ ಬರೆದು ಬರೆದು ಇಂಗ್ಲಿಷ್ ಅವನ ಕೈಗೆ ಪೂರ್ತಿ ಬಂದಿತ್ತು, ತಲೆಗೆ ಅರ್ಧ ಬಂದಿತ್ತು. ಬ್ರೂಸ್‌ಪೇಟೆಯ ಅವನ ಓಣಿಯಲ್ಲಿ ಅಷ್ಟು ಬರುವವರೂ ಬೇರೆ ಯಾರೂ ಇರಲಿಲ್ಲವಾದ್ದರಿಂದ ಉಳಿದರ್ಧದ ಸುದ್ದಿ ಹೊರಗೆ ಬಿದ್ದಿರಲಿಲ್ಲ.

ಅಂಥವನ ಮನೆಗೆ ಶನಿವಾರದ ಟಪಾಲಿನಲ್ಲಿ ಮದರಾಸಿನಿಂದ ಒಂದು ಪುಸ್ತಿಕೆ ಬಂತು. ನೀಲಿ ರಟ್ಟು, ಒಳಗೆ ದಪ್ಪ ಕಾಗದ. ಹಗರಿ ಹತ್ತಿ ಕಂಪನಿ, ಲಿಮಿಟೆಡ್, ತನ್ನ ಷೇರುದಾರರಿಗೆ ವರ್ಷಕ್ಕೊಮ್ಮೆ ಕಳಿಸುವ ವರದಿ ಅದು. ಷೇರುದಾರ ಗವಿಸಿದ್ದಪ್ಪನಲ್ಲ, ಅವನ ತಂದೆ. ಹತ್ತಿ ವ್ಯಾಪಾರ ಮಾಡುತ್ತಿದ್ದ ತಂದೆ ಕೊನೆಗಾಲದಲ್ಲಿ ಗಾಡಿ, ತಕ್ಕಡಿ, ಗೋದಾಮು ಎಲ್ಲವನ್ನೂ ಮಾರಿ, ಬಂದದ್ದನ್ನೆಲ್ಲ ಆ ಕಂಪನಿಯ ಷೇರಿಗೆ ಹಾಕಿ ಕಣ್ಣು ಮುಚ್ಚಿದ್ದರು. ಅವರು ಬಿಟ್ಟುಹೋದದ್ದು ಬ್ರೂಸ್‌ಪೇಟೆಯ ಮನೆ ಮತ್ತು ಆ ಷೇರುಗಳು, ಎರಡೇ. ಗಂಡುಮಕ್ಕಳೂ ಇಬ್ಬರೇ.

ಆ ಕಡೆ ಪಾಲು ಮಾಡುವ ರೀತಿ ಹಳೆಯದು. ಅಣ್ಣನಾದವನು ಆಸ್ತಿಯನ್ನು ಎರಡಾಗಿ ವಿಂಗಡಿಸಿ ಇಡುತ್ತಾನೆ; ತಮ್ಮ ಬಂದು ತನಗೆ ಬೇಕಾದ್ದನ್ನು ಮೊದಲು ಎತ್ತಿಕೊಳ್ಳುತ್ತಾನೆ; ಉಳಿದದ್ದು ಅಣ್ಣನಿಗೆ. ಅಣ್ಣಂದಿರ ಸ್ವಭಾವ ಬಲ್ಲ ಯಾರೋ ಪುಣ್ಯಾತ್ಮರು ಮಾಡಿಟ್ಟ ಕಟ್ಟಳೆ. ಗವಿಸಿದ್ದಪ್ಪನಿಗೆ ವಿಂಗಡಿಸುವುದೇನೂ ಕಷ್ಟವಾಗಲಿಲ್ಲ. ಒಂದು ಕಡೆ ಮನೆ, ಒಂದು ಕಡೆ ಷೇರು. ಕಷ್ಟವೆಲ್ಲ ತಮ್ಮ ಯಾವುದಕ್ಕೆ ಕೈ ಹಾಕುತ್ತಾನೆ ಎನ್ನುವುದರಲ್ಲಿತ್ತು.

ತಮ್ಮ ಕೊಟ್ರಬಸಪ್ಪ ಸಿರುಗುಪ್ಪದಲ್ಲಿ ಮನೆಯಳಿಯ. ಮಾವನ ಗದ್ದೆ ನೋಡಿಕೊಂಡು, ಮಾವನ ಮನೆಯ ಹಿಂದಿನ ಕೋಣೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ಇದ್ದ. ಕೆಮ್ಮಬೇಕಾದರೂ ಮಾವನ ಮುಖ ನೋಡಿ ಕೆಮ್ಮುವ ಬಾಳು. ಅಂಥವನಿಗೆ ಸ್ವಂತ ಮನೆ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಅವನೇನಾದರೂ ಮನೆಯನ್ನು ಎತ್ತಿಕೊಂಡರೆ ಗವಿಸಿದ್ದಪ್ಪ ಹೆಂಡತಿ ವಿರೂಪಮ್ಮನನ್ನೂ ಮಕ್ಕಳನ್ನೂ ಪಾತ್ರೆ ಪಗಡವನ್ನೂ ಕಟ್ಟಿಕೊಂಡು ಬಾಡಿಗೆ ಕೋಣೆ ಹುಡುಕಬೇಕಿತ್ತು. ಹುಟ್ಟಿದ್ದು ಈ ಮನೆಯಲ್ಲಿ. ಯಾವ ತೊಲೆಗೆ ತಲೆ ತಗ್ಗಿಸಬೇಕೆಂದು ಕತ್ತಲಲ್ಲೂ ಗೊತ್ತಿತ್ತು. ಇದನ್ನು ಬಿಡಲು ಅವನಿಗೆ ಮನಸ್ಸಿರಲಿಲ್ಲ.

ತಮ್ಮ ಆರಿಸಲು ಬರುವುದು ಆದಿತ್ಯವಾರ ಸಂಜೆ. ಆದಿತ್ಯವಾರ ಬೆಳಗಾಗುತ್ತಲೇ ಗವಿಸಿದ್ದಪ್ಪ ಜಗಲಿಯ ಮೇಲೆ ಕುಳಿತು ಕಂಪನಿಯ ವರದಿಯನ್ನು ಗಟ್ಟಿಯಾಗಿ ಓದತೊಡಗಿದ. ಷೇರನ್ನು ಹೊಗಳಿ ಹೊಗಳಿ ತಮ್ಮನ ಕೈ ಅತ್ತ ಹೋಗುವಂತೆ ಮಾಡಬೇಕು ಎನ್ನುವುದು ಅವನ ಉಪಾಯ. ತಮ್ಮನಿಗೆ ತಾನೇ ಹೇಳಿದರೆ ಅನುಮಾನ ಬರುತ್ತದೆ. ಎದುರುಮನೆಯ ಸಾವಂತ್ರಮ್ಮನ ಕಿವಿಗೆ ಹಾಕಿದರೆ ಸಾಕು, ತಮ್ಮನ ಗಾಡಿ ಓಣಿಯ ಬಾಯಿಗೆ ಬಂದೊಡನೆ ಅವಳೇ ಒಪ್ಪಿಸುತ್ತಾಳೆ.

“ಏನ್ ಗವಿಸಿದ್ದಪ್ಪ, ಮುಂಜಮುಂಜಾನಿ ಏನ್ ಓದಾಕ ಹತ್ತೀಯಪ್ಪ?” ಸಾವಂತ್ರಮ್ಮ ಕಸಬರಿಗೆ ಕೈಯಲ್ಲಿ ಹಿಡಿದೇ ಬಂದಳು.

“ಕಂಪನಿ ವರದಿ, ಅತ್ತಿ. ‘ಡೈರೆಕ್ಟರುಗಳು ಬಹಳ ಸಂತೋಷದಿಂದ ತಿಳಿಸುವುದೇನೆಂದರೆ’ ಅಂತ ಬರ್ದಾರ. ಸಂತೋಷದಿಂದ! ಕೋರ್ಟಿನಾಗ ಇಷ್ಟು ವರ್ಷ ಬರ್ದೀನಿ, ಸಂತೋಷ ಅನ್ನೋ ಮಾತು ಒಂದ್ ಕಾಗದದಾಗೂ ಕಂಡಿಲ್ಲ.”

“ಏನಂತ ಸಂತೋಷ ಅವರಿಗೆ?”

“ಲಾಭ ಬಂದೈತಿ. ನೂರಕ್ಕ ಒಂಬತ್ತು ಷೇರುದಾರರಿಗೆ ಹಂಚ್ತಾರಂತ.”

“ಲಿಮಿಟೆಡ್ ಲಿಮಿಟೆಡ್ ಅಂತೀಯಲ್ಲ, ಅದೇನದು?”

“ಮಿತಿ ಅಂದಂಗ ಅತ್ತಿ. ನಾಳಿ ಕಂಪನಿ ಮುಳುಗಿದ್ರ ನಾವು ಹಾಕಿದ್ದಷ್ಟ ಹೋಗತೈತಿ. ಸಾಲಗಾರರು ನಮ್ಮ ಮನಿ ಬಾಗ್ಲಿಗೆ ಬರಂಗಿಲ್ಲ.”

“ಹಂಗಾರ ನಮ್ಮನಿಯವರನ್ನೂ ಲಿಮಿಟೆಡ್ ಮಾಡಸಬೇಕಾಗಿತ್ತು,” ಎಂದಳು ಸಾವಂತ್ರಮ್ಮ.

ಬೇವಿನ ಮರದ ಕೆಳಗೆ ಜಟಕಾ ನಿಲ್ಲಿಸಿಕೊಂಡಿದ್ದ ಉಸ್ಮಾನಸಾಬ್ ಇದನ್ನೆಲ್ಲ ಕೇಳುತ್ತಿದ್ದ. ಅವನು ಬೀಡಿ ಆರಿಸಿ ಹತ್ತಿರ ಬಂದ.

“ಗುಮಾಸ್ತರ, ನಂದೊಂದು ಮಾತು. ಕಂಪನಿ ಮಿಷನ್ನು ಮುದಿ ಆಗಂಗಿಲ್ಲೇನ್ರಿ?”

“ಅಂದ್ರ?”

“ನನ್ನ ಕುದ್ರಿ ನೋಡ್ರಿ. ದಿನಾ ದುಡೀತು, ದುಡಿದದ್ದೆಲ್ಲಾ ಲಾಭ ಅಂತ ತಿಂದ್ ಕುಂತೆ. ಈಗ ಅದರ ಮೊಣಕಾಲು ಹಿಡದಾವ, ಹೊಸಾದು ತರಾಕ ರೊಕ್ಕ ಇಲ್ಲ. ನಿಮ್ಮ ಡೈರೆಕ್ಟರ್ ಸಾಹೇಬ್ರೂ ನನ್ನಂಗ ತಿನ್ನಾಕ ಹತ್ತ್ಯಾರೇನ ನೋಡ್ರಿ ಒಂದೀಟ.”

ಗವಿಸಿದ್ದಪ್ಪನಿಗೆ ಇದು ಬೇಡದ ಪ್ರಶ್ನೆ. ಆದರೂ ಇಬ್ಬರು ನೋಡುತ್ತಿದ್ದರು, ಹಾಳೆ ತಿರುವಲೇಬೇಕಾಯಿತು. ತಿರುವಿದ. ಕೊನೆಯ ಹಾಳೆಯಲ್ಲಿ ಎಡಕ್ಕೊಂದು ಬಲಕ್ಕೊಂದು ಅಂಕಿಗಳ ಸಾಲು. ಅದರ ಹಿಂದಿನ ಹಾಳೆಯಲ್ಲಿ ಮಿಷನ್ನಿನ ಸವಕಳಿ ಎಂದು ಒಂದು ಮೊತ್ತ ಲಾಭದಿಂದ ಮೊದಲೇ ಕಳೆದಿದ್ದರು. ಕಷ್ಟಕಾಲಕ್ಕೆಂದು ಇನ್ನೊಂದು ಮೊತ್ತವನ್ನು ತೆಗೆದಿಟ್ಟಿದ್ದರು. ಅದೆಲ್ಲ ಆದಮೇಲೆ ಮಿಕ್ಕಿದ್ದರಲ್ಲಿ ಹಂಚಿಕೆ. ಹಿಂದಿನ ವರ್ಷದ ಅಂಕಿಗಳೂ ಪಕ್ಕದಲ್ಲೇ ಇದ್ದವು, ಅದಕ್ಕಿಂತ ಈ ವರ್ಷದ್ದು ದೊಡ್ಡದಾಗಿತ್ತು.

ಅವನು ಓದಿದ್ದನ್ನು ಮತ್ತೊಮ್ಮೆ ಓದಿದ. ಜನ್ಮದಲ್ಲಿ ಮೊದಲ ಸಲ ಒಂದು ಇಂಗ್ಲಿಷ್ ಕಾಗದವನ್ನು ಇಳಿಸಿಕೊಳ್ಳುವುದಕ್ಕಲ್ಲದೆ ತಿಳಿದುಕೊಳ್ಳುವುದಕ್ಕೆ ಓದುತ್ತಿದ್ದ. ಅದು ಒಂಥರಾ ಹಿತವಾಗಿತ್ತು. ಅಪ್ಪ ಹುಚ್ಚನಾಗಿರಲಿಲ್ಲವಲ್ಲ ಎಂದು ಒಳಗೊಳಗೇ ಅನಿಸಿತು.

“ಕಳದಾರ ಉಸ್ಮಾನಸಾಬ್, ಸವಕಳಿ ಕಳದಾರ,” ಎಂದ. ಈ ಸಲ ಅವನ ದನಿ ನಾಟಕದ್ದಾಗಿರಲಿಲ್ಲ.

ಆಗ ಸಾವಂತ್ರಮ್ಮ ಕಸಬರಿಗೆಯನ್ನು ಜಗಲಿಗೆ ಒರಗಿಸಿ ಹೇಳಿದಳು: “ಅಲ್ಲಪ್ಪ, ಈ ಕಂಪನಿದು ಕುರುಗೋಡಿನಾಗೂ ಒಂದ್ ಮಿಷನ್ ಐತಲ್ಲ. ಅದು ಬಂದ್ ಬಿದ್ದೈತಂತ. ನನ್ನ ತಂಗಿ ಮಗಳನ್ನ ಆ ಊರಿಗೇ ಕೊಟ್ಟೀವಿ. ಕೊಳವಿಯಾಗ ಹೊಗಿ ಕಾಣದ ಬಾಳ ದಿನ ಆತು ಅಂತ ಹೇಳಿ ಕಳಿಸ್ಯಾಳ. ಕೊಟ್ರಬಸಪ್ಪ ಬರ್ಲಿ, ಅವನ ಕಿವಿಗೂ ಹಾಕ್ತೀನಿ. ಪಾಪ, ತಿಳೀದ ಕೈ ಹಾಕಬಾರದಲ್ಲ.”

ಗವಿಸಿದ್ದಪ್ಪ ವರದಿ ಮುಚ್ಚಿದ. ಮಿಷನ್ ಬಂದ್ ಎಂದು ಕೇಳಿದ ತಮ್ಮ ಷೇರಿನ ಕಡೆ ತಲೆ ಹಾಕಿಯೂ ಮಲಗಲಾರ. ಸಂಜೆಯೊಳಗೆ ಕುರುಗೋಡಿಗೆ ಹೋಗಿ, ಮಿಷನ್ ನಡೆಯುತ್ತಿದೆ ಎಂದು ಕಣ್ಣಾರೆ ಕಂಡು, ಸಾಕ್ಷಿ ಸಮೇತ ಬಂದು ಹೇಳಬೇಕು. ಅವನು ಒಳಗೆ ಹೋಗಿ ಕೋರ್ಟಿಗೆ ಹಾಕುವ ಕರಿ ಕೋಟು ಹಾಕಿಕೊಂಡ, ರುಮಾಲು ಸುತ್ತಿಕೊಂಡ, ವರದಿಯನ್ನು ಕಂಕುಳಲ್ಲಿಟ್ಟುಕೊಂಡ.

ತಾಯಿ ಚನ್ನವೀರಮ್ಮ ಪಡಸಾಲೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. “ಎಲ್ಲಿಗೆ?” ಎಂದಳು.

“ಹಿಂಗ, ಒಂದೀಟ ಗಾಳಿಗೆ ಹೋಗಿ ಬರ್ತೀನವ್ವ.” ಗವಿಸಿದ್ದಪ್ಪನ ಕೈ ತಾನಾಗಿಯೇ ಬಲಗಿವಿಯ ಹಾಲೆಗೆ ಹೋಯಿತು. ಚಿಕ್ಕಂದಿನಿಂದಲೂ ಸುಳ್ಳು ಹೇಳುವಾಗ ಅವನಿಗೆ ಆ ಹಾಲೆ ಹಿಡಿದುಕೊಳ್ಳದೆ ಆಗುತ್ತಿರಲಿಲ್ಲ. ಅದು ಅವನಿಗೆ ಗೊತ್ತಿರಲಿಲ್ಲ, ತಾಯಿಗೆ ಗೊತ್ತಿತ್ತು.

“ಕರಿ ಕೋಟು ಹಾಕ್ಕೊಂಡು ಗಾಳಿಗೆ,” ಎಂದು ಅವಳು ಹುಣಸೆಹಣ್ಣಿಗೆ ಹೇಳಿದಳು.

ಉಸ್ಮಾನಸಾಬನ ಕುದುರೆಗೆ ನಿಜವಾಗಿಯೂ ಮೊಣಕಾಲು ಹಿಡಿದಿದ್ದವು. ಏರು ಬಂದಲ್ಲೆಲ್ಲ ಗವಿಸಿದ್ದಪ್ಪ ಇಳಿದು ನಡೆದ. ಒಂದು ಕಡೆಯಂತೂ ಉಸ್ಮಾನಸಾಬ್ ಮುಂದಿನಿಂದ ಎಳೆಯಲು, ಇವನು ಹಿಂದಿನಿಂದ ನೂಕಲು, ಕುದುರೆ ನಡುವೆ ನಿಂತು ಇಬ್ಬರನ್ನೂ ನೋಡುತ್ತಿತ್ತು. ಎರೆಹೊಲಗಳಲ್ಲಿ ಹತ್ತಿ ಬಿಡಿಸುವವರು ಕೆಲಸ ನಿಲ್ಲಿಸಿ ಈ ಮೆರವಣಿಗೆ ನೋಡಿದರು. ಕುರುಗೋಡಿನ ಬಂಡೆಗುಡ್ಡಗಳು ಕಾಣುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು.

ಕಂಪನಿಯ ಹತ್ತಿ ಮಿಷನ್ ಊರ ಹೊರಗಿತ್ತು. ಕೊಳವೆಯಲ್ಲಿ ಹೊಗೆ ಇರಲಿಲ್ಲ. ಗವಿಸಿದ್ದಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದು ಮತ್ತೊಮ್ಮೆ ನೋಡಿದ. ಮನೆ ಹೋಯಿತು ಎಂದುಕೊಂಡ.

ಆದರೆ ಬಾಗಿಲ ಮುಂದೆ ಹತ್ತಿ ತುಂಬಿದ ಗಾಡಿಗಳು ಸಾಲಾಗಿ ನಿಂತಿದ್ದವು. ಮಿಷನ್ ಬಂದ್ ಆಗಿದ್ದರೆ ಇಷ್ಟು ಗಾಡಿ ಏಕೆ? ಅವನು ಕೆಳಗಿಳಿದು, ಕನ್ನಡಕ ಏರಿಸಿ, ನೀಲಿ ಪುಸ್ತಿಕೆ ತೆರೆದು ಬಾಗಿಲು ಕಾಯುವವನನ್ನು ಕೇಳಿದ: “ದಿನಕ್ಕ ಎಷ್ಟು ಅಂಡಿಗಿ ಹತ್ತಿ ಹೊರಗ ಹೋಗತೈತಿ? ಲಾಭ ಎಷ್ಟು ಬರತೈತಿ? ಸವಕಳಿ ಎಷ್ಟು ಹಿಡೀತೀರಿ?”

ಕಾಯುವವನು ಕರಿ ಕೋಟು ನೋಡಿದ, ಇಂಗ್ಲಿಷ್ ಪುಸ್ತಕ ನೋಡಿದ, ಒಳಗೆ ಓಡಿದ. ಸರ್ಕಾರ ವರಮಾನದ ಮೇಲೆ ತೆರಿಗೆ ಹಾಕತೊಡಗಿ ಇನ್ನೂ ಬಹಳ ವರ್ಷವಾಗಿರಲಿಲ್ಲ. ಹೇಳದೆ ಕೇಳದೆ ಬಂದು ಲಾಭ ಎಷ್ಟೆಂದು ಕೇಳುವ ಕರಿ ಕೋಟು ಯಾರದೆಂದು ಆ ಸೀಮೆಯ ಅಂಗಡಿಕಾರರೆಲ್ಲರಿಗೂ ಗೊತ್ತಿತ್ತು.

ಮಿಷನ್ನಿನ ಮೇನೇಜರ್ ದುರುಗಣ್ಣ ರುಮಾಲು ಸುತ್ತಿಕೊಳ್ಳುತ್ತಲೇ ಓಡಿಬಂದ. ಎರಡೂ ಕೈ ಜೋಡಿಸಿದ್ದರಿಂದ ರುಮಾಲಿನ ತುದಿ ನೆಲದಲ್ಲಿ ಎಳೆದಾಡುತ್ತಿತ್ತು.

“ಬರ್ರಿ ಸಾಹೇಬ್ರ, ಬರ್ರಿ! ನೀವ ಕಣ್ಣಾರ ನೋಡ್ರಿ ನಮ್ಮ ಗತಿ. ಲಾಭದ ಮಾರಿ ನೋಡಿ ಬಾಳ ದಿನ ಆತ್ರಿ.”

“ಮಿಷನ್ ಯಾಕ ಬಂದ್ ಐತಿ?”

“ಬಾಯ್ಲರ್ ಬಿರುಕು ಬಿಟ್ಟೈತ್ರಿ. ಹಳೇದು. ಕಂಪನಿ ಅನ್ನೋದು ಬರೇ ಹೆಸರಿಗ್ರಿ.” ದುರುಗಣ್ಣನ ಕಣ್ಣಲ್ಲಿ ನೀರು ಬಂತು. ಹತ್ತಿಯ ಧೂಳಿನಲ್ಲಿ ಕಣ್ಣೀರು ತರಿಸಿಕೊಳ್ಳುವುದು ಕಷ್ಟವಲ್ಲ.

ಅವನ ಬೆನ್ನ ಹಿಂದೆ ಟಾರ್ಪಾಲು ಹೊದಿಸಿದ ಏನೋ ಒಂದು ಊರ ಗುಡಿಯ ಕಲ್ಲಿನ ದೊಡ್ಡಬಸವಣ್ಣನಷ್ಟೇ ಗಾತ್ರದಲ್ಲಿ ಕುಳಿತಿತ್ತು. ಟಾರ್ಪಾಲಿನ ಅಂಚಿನಿಂದ ಹೊಸ ಕಬ್ಬಿಣ ಹೊಳೆಯುತ್ತಿತ್ತು. “ಅದೇನದು?” ಎಂದ ಗವಿಸಿದ್ದಪ್ಪ.

“ಅದಾ? ಅದು ನೀರ ಹಂಡೇರಿ. ಕೂಲಿಯವ್ರು ಜಳಕ ಮಾಡಾಕ.”

ಆ ಹಂಡೆಯಲ್ಲಿ ಕುರುಗೋಡಿನ ಅರ್ಧ ಊರು ಒಟ್ಟಿಗೆ ಜಳಕ ಮಾಡಬಹುದಿತ್ತು. ಗವಿಸಿದ್ದಪ್ಪ ಗೋದಾಮಿನ ಕಡೆ ನಡೆದ. “ಅಲ್ಲೇನಿಲ್ರಿ, ಕಸಾರಿ!” ಎಂದು ದುರುಗಣ್ಣ ಅಡ್ಡ ಬರುವುದರೊಳಗೆ ಅವನು ಅಗುಳಿ ಎಳೆದಿದ್ದ. ತೊಲೆಯ ತನಕ ಒತ್ತಿ ತುಂಬಿದ್ದ ಹತ್ತಿ ಬಾಗಿಲು ತೆರೆದದ್ದೇ ತಡ ಹೊರಗೆ ಜಾರಿಬಂತು, ಗವಿಸಿದ್ದಪ್ಪ ಅದರಡಿ ಕಾಣದಂತಾದ.

ಉಸ್ಮಾನಸಾಬನೂ ಕಾಯುವವನೂ ಕಾಲು ಹಿಡಿದು ಎಳೆದಾಗ ಅವನು ತಲೆಯಿಂದ ಪಾದದವರೆಗೆ ಬೆಳ್ಳಗಾಗಿದ್ದ. ಆದರೆ ಹತ್ತಿಯೊಳಗೆ ಮುಖ ಹುದುಗಿಸಿಕೊಂಡಿದ್ದ ಆ ಸ್ವಲ್ಪ ಹೊತ್ತಿನಲ್ಲೇ ವರದಿಯ ಒಂದು ಸಾಲು ಅವನಿಗೆ ನೆನಪಾಗಿತ್ತು. ಬೆಳಗ್ಗೆ ಅರ್ಥವಾಗದೆ ದಾಟಿಹೋಗಿದ್ದ ಸಾಲು. ಕುರುಗೋಡಿನ ಕಾರ್ಖಾನೆಯನ್ನು ಹಿಗ್ಗಿಸುವ ವಿಚಾರ ಡೈರೆಕ್ಟರುಗಳ ಮುಂದಿದೆ ಎಂದಿತ್ತು ಅದರಲ್ಲಿ. ಹಳೇ ಬಾಯ್ಲರ್ ಇಳಿಸಿ ಟಾರ್ಪಾಲಿನಡಿಯ ಆ ದೊಡ್ಡದನ್ನು ಕೂರಿಸುತ್ತಿದ್ದಾರೆ, ಅದಕ್ಕೇ ಮಿಷನ್ ಬಂದ್. ಹತ್ತಿ ಅಷ್ಟರಲ್ಲಿ ಗೋದಾಮು ಮೀರಿ ಬಂದು ಬಿದ್ದಿದೆ.

“ಏನ್ರಿ, ನಾ ತೆರಿಗಿಯವ ಅಲ್ರಿ,” ಎಂದ ಅವನು, ಬಾಯಲ್ಲಿನ ಹತ್ತಿ ಉಗುಳುತ್ತ.

“ಗೊತ್ತೈತ್ರಿ, ಗೊತ್ತೈತ್ರಿ,” ಎಂದ ದುರುಗಣ್ಣ, ಇನ್ನಷ್ಟು ಬಗ್ಗಿ ಕೈ ಮುಗಿಯುತ್ತ. ಅಂಥವರು ಹಾಗೆಯೇ ಹೇಳುತ್ತಾರೆಂದು ಅವನು ಕೇಳಿದ್ದ. ಗವಿಸಿದ್ದಪ್ಪ ಕೋಟು ಕೊಡವಿಕೊಳ್ಳುವಷ್ಟರಲ್ಲಿ ಜಟಕಾದಲ್ಲಿ ಒಂದು ಬಾಳೆಗೊನೆಯೂ ಒಂದು ಚೀಲ ಒಣಮೆಣಸಿನಕಾಯಿಯೂ ಬಂದು ಕುಳಿತಿದ್ದವು. ಇವನು ಬೇಡ ಎಂದ. ಉಸ್ಮಾನಸಾಬ್ ಆಗಲೇ ಬಾಳೆಹಣ್ಣು ಸುಲಿಯುತ್ತಿದ್ದ.

ವಾಪಸು ಹೊರಟ ದಾರಿಯಲ್ಲಿ ಗವಿಸಿದ್ದಪ್ಪ ಲೆಕ್ಕ ಹಾಕಿದ. ಇದೇ ಕಂಪನಿ ಷೇರುದಾರರ ಮುಂದೆ ಸಂತೋಷದಿಂದ ತಿಳಿಸುತ್ತದೆ, ತೆರಿಗೆಯವರ ಮುಂದೆ ಕಣ್ಣೀರಿನಿಂದ ತಿಳಿಸುತ್ತದೆ. ಬರೀ ಸಂತೋಷ ಓದಿದವನು ಅನುಮಾನಪಡಬೇಕು. ಸಂತೋಷವನ್ನೂ ಓದಿ ಕಣ್ಣೀರನ್ನೂ ನೋಡಿದವನಿಗೆ ಅನುಮಾನಕ್ಕೆ ಜಾಗವೇ ಇಲ್ಲ. ಇಲ್ಲದವನು ತೆರಿಗೆಯವನ ಮುಂದೆ ಅಷ್ಟು ಅಳುವುದಿಲ್ಲ. ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಈ ಕಂಪನಿಯನ್ನು ಎರಡೂ ಕಡೆಯಿಂದ ನೋಡಿದವನು ತಾನೊಬ್ಬನೇ ಎಂದು ಅವನಿಗೆ ಹೊಳೆಯಿತು.

ಹೊಳೆದ ಮೇಲೆ ಮನೆ ಚಿಕ್ಕದಾಯಿತು. ಹುಟ್ಟಿದ ಮನೆ ಸರಿ, ಆದರೆ ಗೋಡೆಗಳಿಗೆ ಗೆದ್ದಲು ಹಿಡಿದಿಲ್ಲವೇ? ತೊಲೆಗೆ ತಲೆ ತಗ್ಗಿಸಿ ತಗ್ಗಿಸಿ ಕುತ್ತಿಗೆ ಬಗ್ಗಿಲ್ಲವೇ? ಷೇರು ಕೈಗೆ ಬಂದರೆ ವರ್ಷ ವರ್ಷ ಕೂತಲ್ಲಿಗೆ ಲಾಭ. ಒಂದಲ್ಲ ಒಂದು ದಿನ ಕೋರ್ಟಿಗೆ ಹೋಗಿ ಲೇಖನಿ ಮೇಜಿನ ಮೇಲಿಟ್ಟು, “ಇನ್ನ ನೀವ ಬರಕೋರಿ,” ಎಂದು ಬಂದುಬಿಡಬಹುದು. ಹತ್ತಿರದ ಮೋಕ ಊರಿನ ಕಡೆ ಒಂದು ತುಂಡು ಎರೆಹೊಲ ಕೊಳ್ಳಬಹುದು.

ಈಗ ಅವನಿಗೆ ಬೇಕಾದದ್ದು ಷೇರು. ತಮ್ಮ ಎತ್ತಿಕೊಳ್ಳಬೇಕಾದದ್ದು ಮನೆ. ಬೆಳಗಿನಿಂದ ಕಟ್ಟಿದ್ದನ್ನೆಲ್ಲ ಸಂಜೆಯೊಳಗೆ ಬಿಚ್ಚಬೇಕಿತ್ತು. ಅದಕ್ಕೆ ಸುಳ್ಳೂ ಬೇಕಾಗಿರಲಿಲ್ಲ. ಮಿಷನ್ ಬಂದ್ ಇದೆ, ಬಾಯ್ಲರ್ ಬಿರುಕು ಬಿಟ್ಟಿದೆ, ಮೇನೇಜರ್ ಅತ್ತ. ಮೂರೂ ನಿಜ. ಹಂಡೆಯ ಮಾತೊಂದನ್ನು ಬಿಟ್ಟರಾಯಿತು.

ತಮ್ಮನ ಮುಖ ಕಣ್ಣ ಮುಂದೆ ಬಂತು. ಚಿಕ್ಕವನಿದ್ದಾಗ ಒಂದೇ ಕಂಬಳಿಯಲ್ಲಿ ಮಲಗಿ, ಅಣ್ಣನ ಕಡೆಗೇ ಕಂಬಳಿ ಸರಿಸಿ ತಾನು ಚಳಿಯಲ್ಲಿ ನಡುಗುತ್ತಿದ್ದ ಹುಡುಗ. ಗವಿಸಿದ್ದಪ್ಪನ ಕರುಳು ಚುರ್ ಎಂದಿತು. ಅಷ್ಟರಲ್ಲಿ ಮೆಣಸಿನಕಾಯಿಯ ಘಾಟು ಮೂಗಿಗೆ ಹತ್ತಿ ಸೀನು ಬಂತು. ಅವನು ಸೀನಿದ, ಉಸ್ಮಾನಸಾಬ್ ಸೀನಿದ, ಕುದುರೆಯೂ ಸೀನಿತು. ಬಳ್ಳಾರಿ ಗುಡ್ಡ ಕಾಣುವ ತನಕ ಸೀನುತ್ತಲೇ ಹೋದರು, ಕರುಳಿನ ಮಾತು ಹಿಂದೆ ಬಿತ್ತು.

ಮನೆಗೆ ಬಂದರೆ ಕೊಟ್ರಬಸಪ್ಪ ಜಗಲಿಯ ಮೇಲೆ ಕುಳಿತಿದ್ದ. ಸಾವಂತ್ರಮ್ಮ ಆಗಲೇ ಎಲ್ಲ ಒಪ್ಪಿಸಿದ್ದಳು, ನೂರಕ್ಕೆ ಒಂಬತ್ತನ್ನೂ ಹೊಗೆ ಕಾಣದ ಕೊಳವೆಯನ್ನೂ. ಓಣಿಯ ಜನವೆಲ್ಲ ಪಾಲು ನೋಡಲು ಸೇರಿತ್ತು.

“ಅಣ್ಣಾ, ಏನಿದು ನಿನ್ನ ಅವತಾರ?” ಎಂದು ಕೊಟ್ರಬಸಪ್ಪ ಎದ್ದು ಬಂದು, ಅಣ್ಣನ ಮೀಸೆಯಲ್ಲಿ ಸಿಕ್ಕಿದ್ದ ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸತೊಡಗಿದ. ಗವಿಸಿದ್ದಪ್ಪ ಅವನ ಕಣ್ಣು ತಪ್ಪಿಸಿದ.

ಒಳಗೆ ಚನ್ನವೀರಮ್ಮ ತಟ್ಟೆಯಲ್ಲಿ ಎರಡು ಕಡೆ ಎಲೆ ಅಡಿಕೆ ಇಟ್ಟು, ಒಂದರ ಮೇಲೆ ಮನೆಯ ಬೀಗದ ಕೈ, ಇನ್ನೊಂದರ ಮೇಲೆ ಷೇರಿನ ಕಾಗದದ ಸುರುಳಿ ಇಟ್ಟಿದ್ದಳು. “ಕೈ ಕಾಲು ತೊಳ್ಕೊಂಡು ಬರ್ರಿ. ಕೊಟ್ರಾ, ನಿನಗ ಯಾವುದು ಬೇಕೋ ತಗೋ,” ಎಂದಳು.

“ತಡೀ ಅವ್ವ,” ಎಂದ ಗವಿಸಿದ್ದಪ್ಪ. “ಅದಕ್ಕಿಂತ ಮದ್ಲ ನಾ ಒಂದ್ ಮಾತು ಹೇಳಬೇಕು. ಕೊಟ್ರಾ, ನಾನ ಖುದ್ದ ಕುರುಗೋಡಿಗೆ ಹೋಗಿದ್ದೆ. ಮುಂಜಾನಿ ನಾ ಓದಿದ್ದೆಲ್ಲಾ ಬರೇ ಕಾಗದದ ಮಾತು. ಅಲ್ಲಿ ಮಿಷನ್ ಬಂದ್ ಐತಿ. ಬಾಯ್ಲರ್ ಬಿರುಕು ಬಿಟ್ಟೈತಿ. ಮೇನೇಜರ್ ನನ್ನ ಮುಂದ ಕಣ್ಣೀರ ಹಾಕಿದ.”

“ಅಲ್ಲಾನ ಆಣಿ,” ಎಂದ ಉಸ್ಮಾನಸಾಬ್ ಬಾಗಿಲಿನಿಂದ. ಅವನು ಏನನ್ನೂ ಮರೆಮಾಚುವವನಲ್ಲ, ಕಂಡದ್ದನ್ನು ಹೇಳಿದ. “ಲಾಭದ ಮಾರಿ ನೋಡಿಲ್ಲ ಅಂತ ಅತ್ತ ಆತ. ನಂಗೂ ಕಣ್ಣಾಗ ನೀರು ಬಂತ್ರಿ.”

ಗವಿಸಿದ್ದಪ್ಪ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೂ ಅವನ ಬಲಗೈ ಬಲಗಿವಿಯ ಹಾಲೆಯನ್ನು ಹಿಡಿದುಕೊಂಡಿತ್ತು. ಚನ್ನವೀರಮ್ಮ ಅದನ್ನು ನೋಡಿದಳು. 

“ಅದಕ್ಕ ಹೇಳ್ತೀನಿ, ನೀ ಮನಿ ತಗೋ,” ಎಂದ ಗವಿಸಿದ್ದಪ್ಪ. “ಆ ಮುಳುಗೋ ಷೇರು ನಂಗಿರ್ಲಿ.”

ಕೊಟ್ರಬಸಪ್ಪ ತಟ್ಟೆಯ ಮುಂದೆ ಕುಳಿತ. ಅವನ ಕೈ ಬೀಗದ ಕೈಯ ಮೇಲೆ ಸುಳಿದಾಡಿತು. ಗವಿಸಿದ್ದಪ್ಪನ ಎದೆ ಹಿಗ್ಗಿತು.

“ಅಣ್ಣಾ, ನಿಜ ಹೇಳ್ತೀನಿ,” ಎಂದ ಕೊಟ್ರಬಸಪ್ಪ. “ನಾ ಮನಿ ತಗೋಬೇಕಂತ ಬಂದಿದ್ದೆ. ಮಾವನ ಮನ್ಯಾಗ ಇರೋದು ನನಗ ಸಾಕಾಗೈತಿ. ಓಣಿಗೆ ಬಂದಾಗ ಸಾವಂತ್ರಮ್ಮತ್ತಿ ಹೇಳಿದ್ಲು, ಮುಂಜಾನಿಂದ ನೀ ಷೇರು ಹೊಗಳಾಕ ಹತ್ತೀದಿ ಅಂತ. ನನಗ ಸಿಟ್ಟ ಬಂತು. ಅಣ್ಣ ನನ್ನ ತಲಿಗೆ ಕೆಟ್ಟ ಷೇರು ಕಟ್ಟಾಕ ನೋಡ್ತಾನ, ಮನಿ ಬಿಡಂಗಿಲ್ಲ ಅಂತ ಹಟ ಹಿಡದ್ ಕುಂತಿದ್ದೆ.” ಅವನು ಬೀಗದ ಕೈಯಿಂದ ತನ್ನ ಕೈ ಹಿಂದೆಗೆದ. “ನೀ ನೋಡಿದ್ರ ಬಿಸಲಾಗ ಕುರುಗೋಡಿಗೆ ಹೋಗಿ, ಹತ್ಯಾಗ ಬಿದ್ದು, ಕೆಟ್ಟದ್ದು ಕಂಡ್ಕೂಡ್ಲೆ ಓಡಿ ಬಂದು ತಮ್ಮಗ ತಿಳಿಸಿದಿ. ಮೋಸ ಮಾಡಾಕ ದಾರಿ ಇತ್ತು, ಮಾಡಲಿಲ್ಲ. ಇಂಥ ಅಣ್ಣನ್ನ ಅವನ ಹೆಂಡ್ರು ಮಕ್ಕಳ ಸಮೇತ ಬೀದಿಗೆ ಹಾಕಿ ನಾ ಯಾವ ನರಕಕ್ಕ ಹೋಗ್ಲಿ?”

ಹಾಗೆಂದವನೇ ಷೇರಿನ ಸುರುಳಿಯನ್ನು ಎತ್ತಿ ಕಣ್ಣಿಗೊತ್ತಿಕೊಂಡ.

“ಬ್ಯಾಡೋ ಕೊಟ್ರಾ!” ಗವಿಸಿದ್ದಪ್ಪ ಕೂಗಿದ. “ನಿನ್ನ ಕಾಲಿಗೆ ಬೀಳ್ತೀನಿ, ಅದನ್ನ ಇಡು! ಮನಿ ತಗೋ!”

“ಇಲ್ಲಣ್ಣ. ಮುಳುಗಿದ್ರ ನಂದು ಮುಳುಗ್ಲಿ. ನಂಗ ಗದ್ದಿ ಐತಿ, ತೋಳಾಗ ಕಸುವೈತಿ.”

“ಲೇ, ಅದು ಮುಳುಗಂಗಿಲ್ಲಲೇ...” ಎಂದವನು ಅಲ್ಲೇ ನಿಂತ. ಅಲ್ಲಿಂದ ಮುಂದೆ ಮಾತು ಹೋಗುವಂತಿರಲಿಲ್ಲ. ಕಂಪನಿ ಚೆನ್ನಾಗಿದೆ ಎಂದರೆ ಷೇರಂತೂ ತಮ್ಮನ ಕೈ ಸೇರಿಯಾಗಿದೆ, ಮಾನವೂ ಹೋಗುತ್ತದೆ. ಗವಿಸಿದ್ದಪ್ಪನಿಗೆ ಅಳು ಬಂತು. ನಟನೆಯಲ್ಲ, ಹೊಟ್ಟೆಯೊಳಗಿಂದ ಬಂದ ಅಳು. ಅದರಲ್ಲಿ ಎಷ್ಟು ಪಾಲು ಷೇರಿಗೆ, ಎಷ್ಟು ಪಾಲು ನಾಚಿಕೆಗೆ ಎಂದು ಅವನಿಗೇ ಲೆಕ್ಕ ಸಿಗಲಿಲ್ಲ. ತಮ್ಮ ಅವನನ್ನು ತಬ್ಬಿಕೊಂಡ. ಸಾವಂತ್ರಮ್ಮ ಸೆರಗಿನಿಂದ ಮೂಗೊರೆಸಿಕೊಂಡು, ಇಂಥ ಅಣ್ಣತಮ್ಮಂದಿರನ್ನು ತಾನು ಕಂಡೇ ಇಲ್ಲವೆಂದಳು. ವಿರೂಪಮ್ಮ ಎಲ್ಲರೆದುರು ಗಂಡನ ಕಾಲು ಮುಟ್ಟಿ, “ನಾ ನಿಮ್ಮನ್ನ ಬ್ಯಾರೇನ ತಿಳ್ಕೊಂಡಿದ್ದೆ,” ಎಂದಳು. ಅವಳು ಮೊದಲು ತಿಳಿದುಕೊಂಡಿದ್ದದ್ದೇ ಸರಿಯಾಗಿತ್ತು.

ಹೊರಡುವಾಗ ಕೊಟ್ರಬಸಪ್ಪ ಹೇಳಿದ: “ಅಣ್ಣಾ, ನಂಗ ಇಂಗ್ಲಿಷ್ ಬರಂಗಿಲ್ಲ. ಕಂಪನಿ ಕಾಗದ ಈ ಮನಿಗೇ ಬರ್ಲಿ. ವರ್ಷಾ ವರ್ಷಾ ನೀನ ಓದಿ ತಿಳಸು. ನಿನ್ನ ಬಿಟ್ಟು ಬ್ಯಾರೆ ಯಾರನ್ನೂ ನಾ ನಂಬಂಗಿಲ್ಲ.”

ಬೆಳಗ್ಗೆ ಬೇಕೆಂದು ಹಪಹಪಿಸಿದ ಮನೆ ಹೀಗೆ ಸಂಜೆಗೆ ಗವಿಸಿದ್ದಪ್ಪನದೇ ಆಯಿತು. ಜೊತೆಗೆ ಒಂದು ಚೀಲ ಒಣಮೆಣಸಿನಕಾಯಿ.

ಮರುವರ್ಷ ನೀಲಿ ರಟ್ಟಿನ ವರದಿ ಬಂತು. ಓಣಿಯ ನ್ಯಾಯವಂತನೆಂದು ಅಷ್ಟರಲ್ಲಿ ಗವಿಸಿದ್ದಪ್ಪನಿಗೆ ಹೆಸರು ಬಂದಿತ್ತು. ಜಗಳ ಬಿಡಿಸಲು ಜನ ಅವನನ್ನೇ ಕರೆಯುತ್ತಿದ್ದರು. ಜಗಲಿಯ ಮೇಲೆ ಎಲ್ಲರೂ ಸೇರಿದರು, ಕೊಟ್ರಬಸಪ್ಪ ಅಣ್ಣನಿಗೆಂದು ಒಂದು ಮೂಟೆ ಅಕ್ಕಿ ಹೇರಿಕೊಂಡು ಸಿರುಗುಪ್ಪದಿಂದ ಬಂದಿದ್ದ. ಗವಿಸಿದ್ದಪ್ಪ ಕನ್ನಡಕ ಏರಿಸಿ ಓದಿದ. ಡೈರೆಕ್ಟರುಗಳು ಬಹಳ ಸಂತೋಷದಿಂದ ತಿಳಿಸುವುದೇನೆಂದರೆ, ಕುರುಗೋಡಿನ ಹೊಸ ಬಾಯ್ಲರ್ ಚೆನ್ನಾಗಿ ನಡೆಯುತ್ತಿದೆ. ಲಾಭ ಹೆಚ್ಚಿದೆ. ಈ ವರ್ಷದ ಹಂಚಿಕೆ ನೂರಕ್ಕೆ ಹದಿನಾಲ್ಕು. ಕೊನೆಯ ಮಾತನ್ನು ಅವನು ಗಂಟಲಲ್ಲೇ ಓದಿದ.

ಒಳಗೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಚನ್ನವೀರಮ್ಮ ತಲೆ ಎತ್ತದೆ ಕೂಗಿದಳು:

“ಗವಿಸಿದ್ದಾ, ಆ ಕಡೀ ಸಾಲು ಇನ್ನೊಮ್ಮೆ ಓದಪ್ಪ. ಜೋರಾಗಿ ಓದು. ಕಿವಿ ಬಿಟ್ಟು ಓದು.”